ಹೆಣಿಗೆಯಲ್ಲಿ ಬಿಚ್ಚುವುದೂ ಒಂದು ವಿದ್ಯೆ

ಹೆಣಿಗೆಯೆಂದರೆ ಬಿಡುವಿದ್ದವರು ಹೊತ್ತು ಕಳೆಯಲು ಮಾಡುವ ಕೆಲಸವೆಂದು ಅನೇಕರ ತಿಳುವಳಿಕೆ. ಅದರಲ್ಲಿಯೂ ಕಷ್ಟಪಟ್ಟು ಹೆಣೆದುದನ್ನು ಅರ್ಧಕ್ಕೇ ಬಿಚ್ಚತೊಡಗಿದರೆ, "ಮಾಡಿದ್ದೆಲ್ಲ ಮಣ್ಣುಪಾಲಾಯಿತಲ್ಲ" ಎಂದು ಮನೆಯ ಹಿರಿಯರು ಮರುಗುತ್ತಾರೆ. ಈ ವರ್ಷ ಒಂಬತ್ತನೆಯ ಇಯತ್ತೆಯ ನಾವು ಕೆಲವರು ನಮ್ಮ ಬಾಯಿಯವರ ಮಾರ್ಗದರ್ಶನದಲ್ಲಿ ಸ್ವೆಟರು, ಮಫ್ಲರು, ಕುಲಾವಿಗಳನ್ನು ಹೆಣೆದೆವು. ಅವುಗಳಲ್ಲಿ ಮೊದಲು ಯೋಚಿಸಿದಂತೆಯೇ ಮುಗಿದವು ಕಡಿಮೆ. ಆದರೂ ನೂಲು ಹಾಳಾಗಲಿಲ್ಲ, ಶ್ರಮವೂ ವ್ಯರ್ಥವಾಗಲಿಲ್ಲ. ಅದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ನೇಯ್ಗೆಗೂ ಹೆಣಿಗೆಗೂ ಇರುವ ಭೇದವನ್ನು ನೋಡೋಣ. ಸೊಲ್ಲಾಪುರದ ಚಾದರವಾಗಲಿ, ಕುರುಬರ ಕಂಬಳಿಯಾಗಲಿ ಹಾಸು ಮತ್ತು ಹೊಕ್ಕು ಎಂಬ ಎರಡು ನೂಲುಗಳು ಅಡ್ಡಹಾಯ್ದು ಆದದ್ದು. ಹೆಣಿಗೆಯಲ್ಲಿ ಹಾಗಲ್ಲ, ಎರಡು ಕಡ್ಡಿಗಳ ಸಹಾಯದಿಂದ ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಸಾಗುತ್ತದೆ. ಪ್ರತಿಯೊಂದು ಕುಣಿಕೆಯೂ ತನ್ನ ಕೆಳಗಿನ ಕುಣಿಕೆಯೊಳಗಿಂದಲೇ ಹೊರಬಂದಿರುತ್ತದೆ. ಆದ್ದರಿಂದ ಕೊನೆಯ ಸಾಲಿನ ತುದಿಯನ್ನು ಎಳೆದರೆ ಸಾಲುಸಾಲಾಗಿ ಬಿಚ್ಚುತ್ತ ಮೊದಲಿನ ಸಾಲಿನವರೆಗೂ ಬರುತ್ತದೆ. ಕತ್ತರಿಸಿದ ಬಟ್ಟೆ ಮತ್ತೆ ಇಡಿಯಾಗದು. ಬಿಚ್ಚಿದ ಹೆಣಿಗೆ ಮತ್ತೆ ನೂಲೇ ಆಗುತ್ತದೆ. ಯೋಜನೆಯನ್ನು ನಡುವೆ ಬದಲಿಸುವ ಸ್ವಾತಂತ್ರ್ಯ ಹೆಣಿಗೆಯವರಿಗೆ ದೊರೆತಿರುವುದು ಈ ಗುಣದಿಂದಲೇ.

ಹಾಗೆಂದು ಲೆಕ್ಕವಿಲ್ಲದೆ ಆರಂಭಿಸಬಾರದು. ನಮ್ಮ ಗೆಳತಿಯೊಬ್ಬಳು ತನ್ನ ಅಜ್ಜನಿಗೆ ತುಂಬುತೋಳಿನ ಸ್ವೆಟರು ಹೆಣೆಯಬೇಕೆಂದು ಸಂಕಲ್ಪಿಸಿದಳು. ಹಿಂಗಾರಿ ಜೋಳ ತೆನೆಗಟ್ಟಿದಾಗ ಆ ಅಜ್ಜ ಮಾಗಿಯ ಚಳಿಯಲ್ಲಿ ರಾತ್ರಿಯೆಲ್ಲ ಹೊಲ ಕಾಯುತ್ತಾರೆ. ಬಾಯಿಯವರು ಮೊದಲು ಒಂದು ಚಿಕ್ಕ ಚೌಕವನ್ನು ಹೆಣೆಸಿ, ಪಟ್ಟಿಯಿಟ್ಟು ಅಳೆಯಿಸಿದರು. 10 ಸೆಂ.ಮೀ. ಅಗಲದಲ್ಲಿ 20 ಕುಣಿಕೆಗಳು ಬಂದವು. ಅಜ್ಜನ ಎದೆಯ ಸುತ್ತಳತೆ 92 ಸೆಂ.ಮೀ.; ಸಡಿಲಿಗಾಗಿ 8 ಸೇರಿಸಿದರೆ 100. ಅಂದರೆ ಬೆನ್ನಿಗೆ 50, ಎದೆಗೆ 50 ಸೆಂ.ಮೀ. ತ್ರೈರಾಶಿಯಂತೆ ಒಂದೊಂದಕ್ಕೆ 100 ಕುಣಿಕೆಗಳು. ಅದೇ ನೂಲನ್ನು ಬಿಗಿಯಾಗಿ ಹೆಣೆಯುವ ಇನ್ನೊಬ್ಬಳ ಕೈಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆಗಳು ಬಂದವು. ಅವಳಿಗಾದರೆ 110 ಬೇಕು. ಅವಳ ಲೆಕ್ಕವನ್ನು ಇವಳು ನಕಲು ಮಾಡಿದರೆ ಸ್ವೆಟರು 10 ಸೆಂ.ಮೀ. ದೊಗಲೆಯಾಗುತ್ತದೆ. ಕೈ ಬದಲಾದರೆ ಲೆಕ್ಕವೂ ಬದಲಾಗಬೇಕು.

ಮನೆಯಲ್ಲಿ ಕೊಟ್ಟ ದುಡ್ಡಿಗೆ 25 ಗ್ರಾಮಿನ 12 ಉಂಡೆಗಳು ಬಂದಿದ್ದವು. ಮೊದಲನೆಯ ಉಂಡೆ ತೀರಿದಾಗ 13 ಸೆಂ.ಮೀ. ಉದ್ದ ಹೆಣೆದಾಗಿತ್ತು. ಸ್ವೆಟರಿನ ಉದ್ದ 65 ಸೆಂ.ಮೀ.; ಆದ್ದರಿಂದ ಬೆನ್ನಿಗೆ 5, ಎದೆಗೆ 5, ಒಟ್ಟು 10 ಉಂಡೆ. ಉಳಿಯುವ ಎರಡರಲ್ಲಿ ಎರಡು ತೋಳು ಆಗುವಂತಿರಲಿಲ್ಲ. ಒಂದೇ ಬಣ್ಣವಾದರೂ ಬೇರೆ ಸಲ ಅದ್ದಿದ ನೂಲಿನ ಛಾಯೆ ಬೇರೆಯಾಗುವುದುಂಟು. ಅಂಗಡಿಯಲ್ಲಿ ಆ ಛಾಯೆಯ ನೂಲು ತೀರಿತ್ತು. ಅದಕ್ಕಾಗಿ ತೋಳಿಲ್ಲದ ಸ್ವೆಟರೇ ಆಗಲೆಂದು ನಿರ್ಧಾರವಾಯಿತು. ಮೇಲೆ ಕಂಬಳಿ ಹೊದೆಯುವ ಅಜ್ಜನಿಗೆ ಬೇಕಾದದ್ದು ಎದೆ-ಬೆನ್ನಿನ ಬೆಚ್ಚಗೆ. ಕೆಲಸಕ್ಕೆ ಕೈಗಳೂ ಸರಾಗ.

ಬೆನ್ನು ಮುಗಿದು ಎದೆಯ ಭಾಗ ಮೂರು ಉಂಡೆಯಷ್ಟು ಆಗಿತ್ತು. ಅಷ್ಟರಲ್ಲಿ ಅಜ್ಜನಿಗೆ ಭುಜ ಹಿಡಿದು ತೋಳನ್ನು ಮೇಲೆತ್ತಲು ಬಾರದಾಯಿತು. ತಲೆಯ ಮೇಲಿಂದ ಹಾಕುವ ಸ್ವೆಟರು ಎಷ್ಟು ಚಂದವಿದ್ದರೇನು, ಪೆಟ್ಟಿಗೆಯಲ್ಲಿಯೇ ಉಳಿಯುವುದು. ಗೆಳತಿಯ ಕಣ್ಣಲ್ಲಿ ನೀರು ಬಂದಿತು. ನಾವೆಲ್ಲ ಕೂಡಿ ವಿಚಾರ ಮಾಡಿದೆವು. ಬೆನ್ನನ್ನು ಮುಟ್ಟುವ ಅವಶ್ಯಕತೆಯಿರಲಿಲ್ಲ. ಎದೆಯ ಭಾಗವನ್ನಷ್ಟೇ ಬಿಚ್ಚಿ, ನಡುವೆ ಸೀಳಿದಂತೆ ಎರಡು ಹೋಳಾಗಿ ಹೆಣೆದರೆ ಸಾಕು. ಒಂದೊಂದು ಹೋಳಿಗೆ 50 ಕುಣಿಕೆ. ಗುಂಡಿಪಟ್ಟಿ ಒಂದರ ಮೇಲೊಂದು ಕೂಡಲು ಮೂರು ಮೂರು ಹೆಚ್ಚು. ಅಜ್ಜ ಈಗ ಅದನ್ನು ಅಂಗಿಯಂತೆ ತೊಟ್ಟು ಗುಂಡಿ ಹಾಕಿಕೊಳ್ಳುತ್ತಾರೆ. ಉಳಿದ ನೂಲಿನಲ್ಲಿ ಮನೆಯ ಕೂಸಿಗೆ ಒಂದು ಕುಲಾವಿಯೂ ಆಯಿತು.

ಬಿಚ್ಚಿದ ನೂಲು ಗುಂಗುರು ಗುಂಗುರಾಗಿರುತ್ತದೆ. ಹಾಗೆಯೇ ಹೆಣೆದರೆ ಕುಣಿಕೆಗಳು ಸಮನಾಗಿ ಬರುವುದಿಲ್ಲ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಸಿಕ್ಕಾಗದಂತೆ ನಾಲ್ಕು ಕಡೆ ಸಡಿಲವಾಗಿ ಕಟ್ಟಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಅದುಮಿ ನೀರು ತೆಗೆದು, ನೆರಳಿನಲ್ಲಿ ತೂಗುಹಾಕಿದರೆ ನೂಲು ಮತ್ತೆ ನೆಟ್ಟಗಾಗುತ್ತದೆ. ಕುದಿಯುವ ನೀರು ಕೂಡದು. ಬಿಸಿಗೂ ತಿಕ್ಕಾಟಕ್ಕೂ ನಿಜವಾದ ಉಣ್ಣೆಯ ಎಳೆಗಳು ಒಂದಕ್ಕೊಂದು ಹಿಡಿದುಕೊಂಡು ಬಟ್ಟೆ ಕುಗ್ಗುತ್ತದೆ. ಹೀಗೆ ಹತ್ತಿಕೊಂಡ ಹಳೆಯ ಸ್ವೆಟರನ್ನು ಬಿಚ್ಚಲಾಗದು. ಅಕ್ರಿಲಿಕ್ ನೂಲಿಗೆ ಬಿಸಿ ಇಸ್ತ್ರಿ ತಾಗಿಸಬಾರದು.

ಬೆಳೆಯುವ ಮಕ್ಕಳ ಸ್ವೆಟರಿಗೆ ಇನ್ನೊಂದು ಉಪಾಯವುಂಟು. ಕೆಳಗಿನ ಅಂಚಿನಿಂದ ಆರಂಭಿಸಿ ಹೆಣೆದರೆ ಬಿಚ್ಚಲು ಬರುವ ತುದಿ ಕುತ್ತಿಗೆಯ ಕಡೆ ಉಳಿಯುತ್ತದೆ. ಕುತ್ತಿಗೆಯಿಂದ ಕೆಳಕ್ಕೆ ಹೆಣೆದರೆ ಆ ತುದಿ ಕೆಳಗೇ ಇರುತ್ತದೆ. ಮರುವರ್ಷ ಅಂಚನ್ನಷ್ಟು ಬಿಚ್ಚಿ, ಮೈಯನ್ನೂ ತೋಳನ್ನೂ ನಾಲ್ಕು ಬೆರಳು ಉದ್ದ ಮಾಡಬಹುದು. ಈ ಕ್ರಮವನ್ನು ವಿವರಿಸಿ ಅಮೇರಿಕೆಯ ಬಾರ್ಬರಾ ವಾಕರ್ ಎಂಬವರು 1972ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ 1941ರ ಜೂನ್ 1ರಿಂದ ಬಟ್ಟೆಗೆ ರೇಶನ್ ಬಂದು 1949ರವರೆಗೆ ನಡೆಯಿತು. ಆಗ ಅಲ್ಲಿನ ಮನೆಗಳಲ್ಲಿ ಹಳೆಯ ಸ್ವೆಟರುಗಳನ್ನು ಬಿಚ್ಚಿ ಹೊಸದಾಗಿ ಹೆಣೆಯುವುದು ನಿತ್ಯದ ಮಾತಾಗಿತ್ತು. ಹಳೆಯ ಸೀರೆ ಧೋತರಗಳನ್ನು ಕೂಡಿಸಿ ಕೌದಿ ಹೊಲಿಯುವ ನಮ್ಮ ಅಜ್ಜಿಯರಿಗೆ ಈ ಜಾಣತನ ಹೊಸದೇನಲ್ಲ.

ಆದರೆ ಯೋಜನೆ ಬದಲಿಸುವುದಕ್ಕೂ ಒಂದು ನಿಯಮ ಬೇಕು. ಬೇಸರವಾಯಿತೆಂದೋ, ಗೆಳತಿಯ ಬಣ್ಣ ಚಂದ ಕಂಡಿತೆಂದೋ ಬಿಚ್ಚುವವರ ಕೆಲಸ ಎಂದೂ ಮುಗಿಯದು. ಇದನ್ನು ತೊಡುವವರು ಯಾರು? ಅವರಿಗೆ ಈಗ ಬೇಕಾದದ್ದೇನು? ಕೈಯಲ್ಲಿರುವ ನೂಲೆಷ್ಟು? ಈ ಮೂರು ಪ್ರಶ್ನೆಗಳಿಗೆ ಉತ್ತರ ಬದಲಾಗಿದ್ದರೆ ಬಿಚ್ಚಲು ಅಂಜಬಾರದು. ಬದಲಾಗಿರದಿದ್ದರೆ ಹಿಡಿದ ಕೆಲಸವನ್ನು ಬಿಡಬಾರದು. ತಂದೆ-ತಾಯಿಗಳಲ್ಲಿ ನಮ್ಮದೊಂದು ಬಿನ್ನಹ: ಮಕ್ಕಳು ಹೆಣೆದದ್ದನ್ನು ಬಿಚ್ಚುತ್ತಿರುವುದನ್ನು ಕಂಡರೆ ಗದರುವ ಮೊದಲು ಏಕೆಂದು ಒಮ್ಮೆ ಕೇಳಿರಿ. ಮನೆಯ ಗಂಡುಮಕ್ಕಳ ಕೈಗೂ ಒಂದು ಜೊತೆ ಕಡ್ಡಿ ಕೊಡಿರಿ. ಲೆಕ್ಕ, ತಾಳ್ಮೆ ಮತ್ತು ಇನ್ನೊಬ್ಬರ ಮೈಗೆ ಏನು ಹಿತವೆಂಬ ವಿಚಾರ, ಈ ಮೂರೂ ಅವರಿಗೂ ಬೇಕಾದವೇ.