ಸೊಂಟದ ಡಿಸ್ಕಿಗೆ ಊಟ ಸಿಗುವುದು ಹೇಗೆ?

ಸೊಂಟ ನೋವೆಂದು ಎಂಆರ್‌ಐ ಮಾಡಿಸಿಕೊಂಡು ಬಂದ ಅರವತ್ತರ ಆಸುಪಾಸಿನವರು ಮೊದಲು ಹೇಳುವುದು, ‘ಡಿಸ್ಕ್ ಸವೆದಿದೆಯಂತೆ’. ಆಮೇಲೆ, ‘ಇನ್ನು ಬಗ್ಗಬಾರದಂತೆ, ಭಾರ ಎತ್ತಬಾರದಂತೆ’. ಅಲ್ಲಿಂದ ಮುಂದೆ ಮನೆಯವರೂ ಕಾವಲಿಗೆ ನಿಲ್ಲುತ್ತಾರೆ. ಅಮ್ಮ ನೀರಿನ ಬಿಂದಿಗೆ ಮುಟ್ಟಕೂಡದು, ಅಪ್ಪ ತೋಟದ ಕಡೆ ಹೋಗಕೂಡದು; ಬೆಲ್ಟ್ ಕಟ್ಟಿಕೊಂಡು ಮಂಚದ ಮೇಲೆ ಒರಗಿರಬೇಕು. ಪ್ರೀತಿಯಿಂದ ಮಾಡುವ ಈ ಉಪಚಾರ ಡಿಸ್ಕಿನ ಸ್ವಭಾವಕ್ಕೇ ವಿರುದ್ಧವಾದದ್ದು. ಏಕೆಂದು ತಿಳಿಯಬೇಕಾದರೆ ಅದು ಕೆಲಸ ಮಾಡುವ ರೀತಿಯನ್ನು ನೋಡಬೇಕು.

ಕುತ್ತಿಗೆಯಿಂದ ಸೊಂಟದವರೆಗೆ ನಮಗಿರುವುದು 24 ಬಿಡಿ ಕಶೇರುಮಣಿಗಳು. ಮೇಲಿನ ಎರಡು ಮಣಿಗಳ ನಡುವಿನದನ್ನು ಬಿಟ್ಟು ಉಳಿದೆಲ್ಲ ಸಂದಿಗಳಲ್ಲೂ, ಕೊನೆಯ ಮಣಿಯ ಕೆಳಗೂ ಒಂದೊಂದು ಡಿಸ್ಕ್, ಒಟ್ಟು 23. ಪ್ರತಿ ಡಿಸ್ಕಿನ ನಡುವೆ ನೀರು ತುಂಬಿದ ಲೋಳೆಯಂಥ ತಿರುಳು. ಅದರ ಸುತ್ತ ಹದಿನೈದರಿಂದ ಇಪ್ಪತ್ತೈದು ಪದರಗಳ ಗಟ್ಟಿ ನಾರು. ಒಂದು ಪದರದ ನಾರು ಎಡಕ್ಕೆ ಓರೆಯಾಗಿದ್ದರೆ ಮುಂದಿನದು ಬಲಕ್ಕೆ ಓರೆ. ಹಾಗಾಗಿ ಮೈಯನ್ನು ಯಾವ ಕಡೆ ತಿರುಚಿದರೂ ಅರ್ಧದಷ್ಟು ಪದರಗಳು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ತಿರುಳಿನಲ್ಲಿರುವ ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣುಗಳು ನೀರನ್ನು ಎಳೆದು ಹಿಡಿದಿಟ್ಟುಕೊಳ್ಳುತ್ತವೆ. ಎಳೆಯ ಮಗುವಿನ ಡಿಸ್ಕಿನ ತಿರುಳಿನಲ್ಲಿ ಸುಮಾರು ಶೇ. 90ರಷ್ಟು ನೀರಿರುತ್ತದೆ; ಮುಪ್ಪಿನಲ್ಲಿ ಅದು ಶೇ. 70ರ ಆಸುಪಾಸಿಗೆ ಇಳಿಯುತ್ತದೆ.

ಡಿಸ್ಕಿನ ವಿಶೇಷವೆಂದರೆ ಬೆಳೆದವರಲ್ಲಿ ಅದರ ಒಳಕ್ಕೆ ರಕ್ತನಾಳವೇ ಇಲ್ಲ. ನಡುವಿನ ಜೀವಕೋಶಗಳಿಂದ ಹತ್ತಿರದ ರಕ್ತನಾಳಕ್ಕೆ ಏಳೆಂಟು ಮಿಲಿಮೀಟರ್ ದೂರ; ಜೀವಕೋಶದ ಅಳತೆಯಲ್ಲಿ ಇದು ಬಹಳ ದೊಡ್ಡ ದಾರಿ. ಮೇಲಿನ ಮತ್ತು ಕೆಳಗಿನ ಮೂಳೆಯ ಅಂಚಿನಲ್ಲಿರುವ ತೆಳು ಮೃದ್ವಸ್ಥಿಯ ಮೂಲಕ ಸಕ್ಕರೆಯೂ ಆಮ್ಲಜನಕವೂ ಮೆಲ್ಲಗೆ ಒಳಕ್ಕೆ ಜಿನುಗಬೇಕು. ನಾವು ನಿಂತಾಗ, ನಡೆದಾಗ ಡಿಸ್ಕಿನ ಮೇಲೆ ಭಾರ ಬಿದ್ದು ನೀರು ಹೊರಕ್ಕೆ ಹೋಗುತ್ತದೆ. ಮಲಗಿದಾಗ ಮತ್ತೆ ಒಳಕ್ಕೆ ಬರುತ್ತದೆ. ಈ ಹೋಗಿ ಬರುವ ನೀರು ದೊಡ್ಡ ಅಣುಗಳನ್ನೂ ಜೊತೆಗೆ ಸಾಗಿಸುತ್ತದೆ. ಹದವಾದ ಒತ್ತಡ ಬಿದ್ದಾಗ ಒಳಗಿನ ಜೀವಕೋಶಗಳು ತಿರುಳಿಗೆ ಬೇಕಾದ ವಸ್ತುವನ್ನು ತಯಾರಿಸುತ್ತವೆ. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆಯಂಚಿನ ಸಣ್ಣ ರಕ್ತನಾಳಗಳು ಕುಗ್ಗುವುದರಿಂದ, ಮೊದಲೇ ಕಡಿಮೆಯಿರುವ ಈ ಸರಬರಾಜು ಇನ್ನಷ್ಟು ಸೊರಗುತ್ತದೆ.

ನೀರಿನ ಈ ಹೋಗಿಬರುವಿಕೆಯನ್ನು ಮನೆಯಲ್ಲೇ ಅಳೆಯಬಹುದು. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಒರಗಿ ಎತ್ತರ ಗುರುತಿಸಿ, ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ಗುರುತಿಸಿ. ಒಂದರಿಂದ ಎರಡು ಸೆಂಟಿಮೀಟರ್ ಕುಗ್ಗಿರುತ್ತೀರಿ. ಅದರಲ್ಲಿ ಅರ್ಧದಷ್ಟು ಎದ್ದ ಮೊದಲ ಒಂದು ಗಂಟೆಯಲ್ಲೇ ಕುಗ್ಗುತ್ತದೆ. ಅಂದರೆ ಬೆಳಗಿನ ಜಾವ ಡಿಸ್ಕ್ ನೀರು ತುಂಬಿ ಬಿಗಿಯಾಗಿರುತ್ತದೆ, ಬಗ್ಗಿದರೆ ಅದರ ನಾರಿನ ಮೇಲೆ ಬೀಳುವ ಒತ್ತಡ ಮಧ್ಯಾಹ್ನಕ್ಕಿಂತ ಹಲವು ಪಟ್ಟು ಹೆಚ್ಚು. ಎದ್ದ ಕೂಡಲೇ ಅಂಗಳದಲ್ಲಿ ಬಗ್ಗಿ ಕಸ ಗುಡಿಸುವುದು, ತುಂಬಿದ ಬಕೆಟ್ ಎತ್ತುವುದು, ಪಾದ ಮುಟ್ಟುವ ವ್ಯಾಯಾಮ ಶುರುಮಾಡುವುದು, ಇವನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೆ ಸಾಕು. ಖರ್ಚಿಲ್ಲದ ಈ ಉಪಾಯವನ್ನು ಹೇಳುವವರು ಮಾತ್ರ ಕಡಿಮೆ.

ಡಿಸ್ಕಿನ ಒಳಗೆ ಒತ್ತಡ ಎಷ್ಟಿರುತ್ತದೆ? ಜರ್ಮನಿಯ ಉಲ್ಮ್ ನಗರದ ಸಂಶೋಧಕರು 45 ವರ್ಷದ, 70 ಕಿಲೋ ತೂಕದ ಒಬ್ಬ ಸ್ವಯಂಸೇವಕರ ಸೊಂಟದ ಡಿಸ್ಕಿಗೆ ಸಣ್ಣ ಒತ್ತಡಮಾಪಕ ಇಳಿಸಿ, ಅದನ್ನು ಇಟ್ಟುಕೊಂಡೇ ಅವರು ದಿನದ ಕೆಲಸ ಮಾಡುವಂತೆ ನೋಡಿಕೊಂಡರು. ಫಲಿತಾಂಶ ಪ್ರಕಟವಾದದ್ದು 1999ರಲ್ಲಿ. ಮಲಗಿದಾಗ ಒತ್ತಡ 0.1 ಮೆಗಾಪಾಸ್ಕಲ್, ನಿಂತಾಗ 0.5. ಇಪ್ಪತ್ತು ಕಿಲೋ ಭಾರವನ್ನು ಬೆನ್ನು ಬಾಗಿಸಿ ಎತ್ತಿದಾಗ 2.3. ಕಾರಿನ ಟೈರಿನೊಳಗೆ ಗಾಳಿಯ ಒತ್ತಡ 0.2ರಷ್ಟು ಇರುತ್ತದೆ ಎಂದರೆ ಅಂದಾಜು ಸಿಗುತ್ತದೆ. ಅದೇ ಭಾರವನ್ನು ಮಂಡಿ ಮಡಿಸಿ ಎತ್ತಿದಾಗ 1.7, ಮೈಗೆ ಅವಚಿ ಹಿಡಿದಾಗ 1.1. ಏಳು ಗಂಟೆಯ ನಿದ್ದೆಯಲ್ಲಿ ಒತ್ತಡ 0.1ರಿಂದ 0.24ಕ್ಕೆ ತಾನಾಗಿ ಏರಿತು. ನೀರು ತುಂಬಿಕೊಂಡದ್ದಕ್ಕೆ ಅದೇ ಸಾಕ್ಷಿ. ಒರಗದೆ ಸಡಿಲವಾಗಿ ಕೂತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿರಲಿಲ್ಲ. ಸುಖವಾಗಿ ಒರಗಿ ಕೂತಾಗ ಇನ್ನೂ ಕಡಿಮೆಯಾಗಿ 0.3ಕ್ಕೆ ಇಳಿಯಿತು. ಕೂರುವುದೇ ಬೆನ್ನಿಗೆ ವಿಷ ಎಂಬ ಪ್ರಚಾರವನ್ನು ಇದು ಒಪ್ಪುವುದಿಲ್ಲ. ಗಂಟೆಗಟ್ಟಲೆ ಏಳದೆ ಕೂತಿರುವುದೇ ತೊಂದರೆ.

ಭಾರ ಮೈಯಿಂದ ದೂರವಿದ್ದರೆ ಒತ್ತಡ ಹೆಚ್ಚುವುದು ಸನ್ನೆಗೋಲಿನ ಲೆಕ್ಕದಿಂದ. ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯು ಡಿಸ್ಕಿನ ನಡುವಿನಿಂದ ಸುಮಾರು ಐದೇ ಸೆಂಟಿಮೀಟರ್ ಹಿಂದಿದೆ. ತುಂಬಿದ ಗ್ಯಾಸ್ ಸಿಲಿಂಡರ್ ಕಬ್ಬಿಣವೂ ಸೇರಿ ಹತ್ತಿರ ಹತ್ತಿರ 30 ಕಿಲೋ. ಅದನ್ನು 40 ಸೆಂಟಿಮೀಟರ್ ಮುಂದೆ ಹಿಡಿದರೆ ಸ್ನಾಯು 240 ಕಿಲೋದಷ್ಟು ಬಲದಿಂದ ಜಗ್ಗಬೇಕು, ಮೈಯ ಮೇಲ್ಭಾಗದ ತೂಕ ಬೇರೆ. ಇಪ್ಪತ್ತು ಸೆಂಟಿಮೀಟರಿಗೆ ತಂದರೆ ಅರ್ಧ. ಆ ಬಲವೆಲ್ಲ ಡಿಸ್ಕಿನ ಮೇಲೇ ಬೀಳುತ್ತದೆ. ಹಾಗಾಗಿ ಸಿಲಿಂಡರನ್ನು ಎತ್ತುವ ಬದಲು ಉರುಳಿಸಿ. ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹೊರುವ ನಮ್ಮ ಹೆಂಗಸರ ಪದ್ಧತಿ ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ, ಆಗಾಗ ಬದಿ ಬದಲಿಸಬೇಕಷ್ಟೆ.

ಹಾಗಾದರೆ ಭಾರವೇ ಬೀಳದಿದ್ದರೆ ಡಿಸ್ಕ್ ಚೆನ್ನಾಗಿರುತ್ತದೆಯೇ? ಗಗನಯಾತ್ರಿಗಳ ಅನುಭವ ಬೇರೆಯೇ ಹೇಳುತ್ತದೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಅವರ ಎತ್ತರ ಐದು ಸೆಂಟಿಮೀಟರಿನವರೆಗೂ ಹೆಚ್ಚುತ್ತದೆ, ಬೆನ್ನಿನ ಒಳಸ್ನಾಯುಗಳು ಸೊರಗುತ್ತವೆ, ಭೂಮಿಗೆ ಮರಳಿದ ಮೊದಲ ವರ್ಷದಲ್ಲಿ ಡಿಸ್ಕ್ ಹೊರಚಾಚುವ ಅಪಾಯ ಉಳಿದವರಿಗಿಂತ ಹೆಚ್ಚು. ಹೆಲ್ಸಿಂಕಿಯ ನಗರಾಡಳಿತದ ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೊಂಟ ಹಿಡಿದುಕೊಂಡಾಗ ಮಂಚ ಹಿಡಿದವರಿಗಿಂತ, ಆದಷ್ಟು ಮಾಮೂಲಿ ಕೆಲಸ ಮಾಡಿಕೊಂಡಿದ್ದವರೇ ಬೇಗ ಸುಧಾರಿಸಿದರು. ಮಲಗಿರಿ ಎಂಬ ಹಳೆಯ ಸಲಹೆಯನ್ನು ವೈದ್ಯಲೋಕ ಬಿಟ್ಟು ವರ್ಷಗಳಾದವು. ನಮ್ಮ ಮನೆಗಳು ಇನ್ನೂ ಬಿಟ್ಟಿಲ್ಲ.

ಎಂಆರ್‌ಐ ವರದಿಗೂ ಅಷ್ಟೊಂದು ಹೆದರಬೇಕಿಲ್ಲ. ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ 2015ರ ವಿಶ್ಲೇಷಣೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲಿ ಶೇ. 37, ಎಂಬತ್ತರವರಲ್ಲಿ ಶೇ. 96 ಮಂದಿಗೆ ಡಿಸ್ಕ್ ಸವೆತ ಕಂಡಿತು. ಕೂದಲು ನೆರೆತದ್ದನ್ನು ನಾವು ರೋಗ ಎನ್ನುವುದಿಲ್ಲ.

ಮೂಳೆಯ ಸವೆತ ಮಾತ್ರ ಬೇರೆ ವಿಷಯ, ಅದನ್ನು ಹಗುರವಾಗಿ ನೋಡಬಾರದು. ಮುಟ್ಟು ನಿಂತ ಹೆಂಗಸರಲ್ಲಿ ಕಶೇರುಮಣಿ ಟೊಳ್ಳಾಗಿ, ಬೀಳದೆಯೇ, ಬರೀ ಬಗ್ಗಿ ಎದ್ದಾಗಲೂ ಕುಸಿಯಬಹುದು. ಎತ್ತರ ಕಡಿಮೆಯಾಗುತ್ತಿದ್ದರೆ, ಬೆನ್ನು ಗೂನಾಗುತ್ತಿದ್ದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ತಿನ್ನುವವರಿಗೆ ಅದೊಂದು ಅನುಕೂಲ. ವಿಟಮಿನ್ ಡಿ ಸಾಲದಿದ್ದರೆ ಆ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಡಿಸ್ಕಿಗೆ ಹಿಡಿಸುವ ವ್ಯಾಯಾಮವೆಂದರೆ ನಡಿಗೆ. ಒಂದೇ ಹದದಲ್ಲಿ ಒತ್ತಿ ಬಿಡುವ ಕೆಲಸ ಅದರಿಂದ ಚೆನ್ನಾಗಿ ಆಗುತ್ತದೆ. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೊಂಟ ನೋವಿನಿಂದ ಚೇತರಿಸಿಕೊಂಡ ಒಂದು ಗುಂಪಿಗೆ ನಡಿಗೆಯ ಕ್ರಮ ಹೇಳಿಕೊಟ್ಟರು. ನಿಧಾನವಾಗಿ ಹೆಚ್ಚಿಸಿ ವಾರಕ್ಕೆ ಐದು ಸಲ, ಅರ್ಧ ಗಂಟೆ ನಡೆಯುವುದು ಗುರಿ. ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವು ಮರಳುವುದಕ್ಕೆ ಸುಮ್ಮನಿದ್ದ ಗುಂಪಿನಲ್ಲಿ 112 ದಿನ ಹಿಡಿದರೆ, ನಡೆದವರಲ್ಲಿ 208 ದಿನ ಹಿಡಿಯಿತು.

ಇಷ್ಟೆಲ್ಲ ಹೇಳಿದ ಮೇಲೂ ಕಾಯಬಾರದ ಕೆಲವು ಲಕ್ಷಣಗಳಿವೆ. ಸೊಂಟ ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದ ಮೇಲೆ ಶುರುವಾದ ನೋವು ಇದ್ದರೆ ವೈದ್ಯರನ್ನು ಬೇಗ ಕಾಣಿ. ಕಾಲಿನ ಶಕ್ತಿ ಕುಂದುತ್ತಿದ್ದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ನರಗಳ ಗೊಂಚಲು ಒತ್ತಿಹೋಗುತ್ತಿರಬಹುದು. ಆಗ ನಾಳೆ ಬೆಳಗಾಗಲಿ ಎನ್ನದೆ, ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.