ಸಕ್ರೆಬೈಲು: ಸ್ನಾನದ ಆಚೆಗೂ ಒಂದು ಬಿಡಾರ

ಮನೆಗೆ ನೆಂಟರು ಬಂದರೆ ಶಿವಮೊಗ್ಗದವರಿಗೆ ಮೊದಲು ನೆನಪಾಗುವ ಊರು ಸಕ್ರೆಬೈಲು. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್. ಭದ್ರಾವತಿಯವರೂ ಬೇಗ ತಿಂಡಿ ಮುಗಿಸಿ ಹೊರಟರೆ ಆನೆಗಳು ನೀರಿಗಿಳಿಯುವ ಹೊತ್ತಿಗೆ ಬಂದು ಮುಟ್ಟಬಹುದು. ದಾರಿಯಲ್ಲೇ ಗಾಜನೂರಿನ ತುಂಗಾ ಜಲಾಶಯ. 3.24 ಟಿಎಂಸಿ ಹಿಡಿಯುವ ಪುಟ್ಟ ಜಲಾಶಯ ಇದು, ಮುಂಗಾರು ಜೋರಾದರೆ ಬೇಗನೆ ತುಂಬಿ ಗೇಟು ತೆರೆಯುತ್ತಾರೆ. ಅದರ ಹಿನ್ನೀರಿನ ದಡದಲ್ಲೇ ಅರಣ್ಯ ಇಲಾಖೆಯ ಆನೆ ಬಿಡಾರವಿದೆ.

ಬಂದವರಲ್ಲಿ ಹೆಚ್ಚಿನವರು ಸ್ನಾನ ನೋಡಿ, ಫೋಟೊ ತೆಗೆದು ಹೊರಟುಬಿಡುತ್ತಾರೆ. ಆದರೆ ಬಿಡಾರದ ದಿನ ಶುರುವಾಗುವುದು ನಸುಕಿನಲ್ಲಿ, ಕಾಡಿನೊಳಗೆ. ಇಲ್ಲಿನ ಆನೆಗಳನ್ನು ಮಧ್ಯಾಹ್ನದ ಮೇಲೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಡೆ ಮೇಯಲು ಬಿಡುತ್ತಾರೆ. ಕಾಲಿನ ಉದ್ದನೆಯ ಸರಪಳಿ ನೆಲದ ಮೇಲೆ ಗೀಚಿಕೊಂಡು ಹೋದ ಗೆರೆಯೇ ಮಾರನೆಯ ಬೆಳಿಗ್ಗೆ ಕಾವಾಡಿಗೆ, ಅಂದರೆ ಮಾವುತನ ಸಹಾಯಕನಿಗೆ, ದಾರಿ. ಮಳೆಯಲ್ಲಿ ಗೆರೆ ಅಳಿಸಿಹೋದರೆ ಮುರಿದ ಬಿದಿರು, ಹಸಿ ಲದ್ದಿ, ಕೆಸರಿನ ಹೆಜ್ಜೆ ನೋಡಿಕೊಂಡು ಹುಡುಕಬೇಕು. ಕಾಡಾನೆಗಳೂ ಓಡಾಡುವ ಜಾಗವದು. ಬರಿಗೈಯಲ್ಲಿ ಅಲ್ಲಿಗೆ ಹೋಗಿ ತನ್ನ ಆನೆಯನ್ನು ಕರೆತರುವ ಈ ಕೆಲಸಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಸ್ನಾನವನ್ನೂ ಹತ್ತಿರದಿಂದ ಗಮನಿಸಬೇಕು. ಆನೆ ನೀರಲ್ಲಿ ಮಗ್ಗುಲಾಗುತ್ತದೆ. ಕಾವಾಡಿ ಮೈ ಉಜ್ಜುತ್ತಲೇ ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ, ಸರಪಳಿ ತಾಗುವ ಕಾಲಿನ ಸುತ್ತ ಕೈಯಾಡಿಸುತ್ತಾನೆ. ಗಾಯವಿದ್ದರೆ, ಮುಳ್ಳು ಹೊಕ್ಕಿದ್ದರೆ ಗೊತ್ತಾಗುವುದು ಆಗಲೇ. ಆಮೇಲೆ ಕುಸುರೆ: ಭತ್ತದ ಹುಲ್ಲಿನ ಕಟ್ಟಿನೊಳಗೆ ಭತ್ತ, ಬೆಲ್ಲ, ಕೊಬ್ಬರಿ ಇಟ್ಟು ಮಡಚಿ ನೇರ ಬಾಯಿಗೇ ಕೊಡುತ್ತಾರೆ.

ಬಿಡಾರದಲ್ಲೇ ಹುಟ್ಟಿದ ಮರಿಗಳ ಜೊತೆ, ತೋಟ ಗದ್ದೆಗಳಿಗೆ ನುಗ್ಗಿ ಸೆರೆಸಿಕ್ಕ ಕಾಡಾನೆಗಳೂ ಇಲ್ಲಿವೆ. ಅವನ್ನು ದಪ್ಪ ಮರದ ದಿಮ್ಮಿಗಳ ಕ್ರಾಲ್‌ನಲ್ಲಿಟ್ಟು, ಮಾವುತ ದಿನವೂ ಎದುರು ನಿಂತು, ಕಬ್ಬು ಕೊಟ್ಟು, ಮಾತಾಡಿಸಿ ಪಳಗಿಸುತ್ತಾನೆ. ಆ ಆನೆ ಕಳೆದುಕೊಂಡದ್ದು ಕಾಡನ್ನು. ಸಾಕಿದ ಪ್ರೀತಿ ಎಷ್ಟಿದ್ದರೂ ಆ ನಷ್ಟ ತುಂಬುವುದಿಲ್ಲ. ಬಿಡಾರ ನೋಡಲು ಬರುವ ನಮಗೆ ಈ ಮಾತು ನೆನಪಿರಬೇಕು.

ಶಿವಮೊಗ್ಗ ದಸರೆಯ ಜಂಬೂ ಸವಾರಿಗೆ ಬರುವುದೂ ಇಲ್ಲಿನ ಆನೆಗಳೇ. 2023ರಲ್ಲಿ ಹಾಗೆ ಬಂದಿದ್ದ ನೇತ್ರಾವತಿ, ಹಬ್ಬದ ನಡುವೆ ನಗರದಲ್ಲೇ ಮರಿ ಹಾಕಿದಳು.

ಹೋಗುವವರು ವಾರದ ನಡುವೆ, ಬೆಳಿಗ್ಗೆ ಎಂಟೂವರೆಗೆಲ್ಲ ಅಲ್ಲಿರುವಂತೆ ಹೊರಡಿ. ಭಾನುವಾರದ ಗದ್ದಲದಲ್ಲಿ ಆನೆಗೂ ನೆಮ್ಮದಿಯಿಲ್ಲ, ನಿಮಗೂ ಇಲ್ಲ. ಕೈಯಲ್ಲಿರುವ ಬಿಸ್ಕತ್ತು, ಚಿಪ್ಸು ಕೊಡಬೇಡಿ. ಮಳೆಗಾಲವಾದರೆ ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋಗಿ. ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ.