ಕಾರಿಗಿಂತ ಮೊದಲು ಅರ್ಥಿಂಗ್

ಅಫಜಲಪುರದ ಬಸ್‌ಸ್ಟ್ಯಾಂಡ್ ಕಡೆ ಕರೆಂಟಿನ ಕಾರು ನಿಂತರೆ ನಾಲ್ಕು ಮಂದಿ ಸುತ್ತುಗಟ್ಟುತ್ತಾರೆ. ‘ಅವರೇಜ್ ಎಷ್ಟ್ ಕೊಡ್ತದ್ರೀ ಅಣ್ಣಾವ್ರ?’ ಎಂಬುದೇ ಮೊದಲ ಪ್ರಶ್ನೆ. ಉತ್ತರ ಕಷ್ಟದ್ದಲ್ಲ. ನೂರು ಕಿಲೋಮೀಟರಿಗೆ ಸುಮಾರು 15 ಯೂನಿಟ್. ಮನೆಯಲ್ಲೇ ಚಾರ್ಜ್ ಮಾಡಿದರೆ ನೂರು ರೂಪಾಯಿಯ ಆಸುಪಾಸು. 2020ರಲ್ಲಿ ಬಂದ ಟಾಟಾ ನೆಕ್ಸಾನ್‌ನ 30.2 ಯೂನಿಟ್ ಬ್ಯಾಟರಿಗೆ ಕಾಗದದ ಮೇಲೆ 312 ಕಿ.ಮೀ. ಬರೆದಿತ್ತು. ನಮ್ಮ ಬೇಸಿಗೆಯಲ್ಲಿ ಎ.ಸಿ. ಹಾಕಿಕೊಂಡು 200 ಓಡಿದರೆ ಬಂತು. ಕಲಬುರಗಿಗೆ ಹೋಗಿಬರಲು ಅಷ್ಟು ಧಾರಾಳ ಸಾಕು.

ಕೇಳಬೇಕಾದ್ದು ಬೇರೆ: ಮನೆಯ ಅರ್ಥಿಂಗ್ ಹೇಗಿದೆ?

ಎರಿಭೂಮಿ ಏಪ್ರಿಲ್ ಬರುವಷ್ಟರಲ್ಲಿ ಒಣಗಿ ಬಿರಿಯುತ್ತದೆ. ಅರ್ಥಿಂಗ್ ಗುಂಡಿಯ ತೇವವೂ ಹೋಗುತ್ತದೆ. ಫ್ರಿಜ್ಜು, ಟಿ.ವಿ. ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಾರಿನ ಚಾರ್ಜರ್ ಮಾತ್ರ ಮೊದಲು ಅರ್ಥ್ ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಕೆಂಪು ದೀಪ ಹಚ್ಚಿ ಸುಮ್ಮನಾಗುತ್ತದೆ. ‘ಹೊಸಾ ಗಾಡಿ ಕೆಟ್ಟದ’ ಎಂದು ಶೋರೂಮಿಗೆ ಫೋನ್ ಹೋಗುತ್ತದೆ. ಕೊನೆಗೆ ಬರುವವನು ಊರಿನ ವೈರ್‌ಮನ್. ಇದ್ದಿಲು, ಉಪ್ಪು ಹಾಕಿ ಗುಂಡಿ ತುಂಬಿ, ಎರಡು ಕೊಡ ನೀರು ಸುರಿದು, ‘ಬ್ಯಾಸಗಿ ಮುಗಿಯೋತನ ನೀರ ಹಾಕ್ಕೋತ ಇರ್ರಿ’ ಎಂದು ಹೇಳಿಹೋಗುತ್ತಾನೆ. ತಂತ್ರಜ್ಞಾನ ಎಷ್ಟೇ ಹೊಸದಿರಲಿ, ಅದಕ್ಕೂ ಗಿಡಕ್ಕೆ ಹಾಕಿದಂತೆ ನೀರು ಹಾಕಬೇಕು.

ಆಮೇಲೆ ವೈರಿಂಗ್. ಮನೆಯ 15 ಆಂಪ್ ಪಾಯಿಂಟು ಮೂರು ಕಿಲೋವ್ಯಾಟ್ ಎಳೆಯುತ್ತ ರಾತ್ರಿಯಿಡೀ ದುಡಿಯಬೇಕು. ಹಳೆಯ ತೆಳು ವೈರಿನ ಮೇಲೆ ಅಷ್ಟು ಭಾರ ಹಾಕಿದರೆ ಪಾಯಿಂಟೇ ಕರಗೀತು. ಮೀಟರ್ ಬೋರ್ಡಿನಿಂದ ಬೇರೆಯೇ ದಪ್ಪ ವೈರ್ ಎಳೆಸಿ, ಎಂಸಿಬಿ ಕೂಡಿಸಿ, ಜೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳುವುದು ಕಾರಿನ ಬುಕಿಂಗ್‌ಗಿಂತ ಮುಂಚೆ ಆಗಬೇಕಾದ ಕೆಲಸ. ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಬೀಳುವ ಊರುಗಳಲ್ಲಿ ಮಧ್ಯರಾತ್ರಿ ದಾಟಿದ ಮೇಲಿನ ಚಾರ್ಜಿಂಗೇ ನಂಬಿಗಸ್ತ.

ಗೃಹಜ್ಯೋತಿಯ ಲೆಕ್ಕವನ್ನು ಮಾರುವವರು ಹೇಳುವುದಿಲ್ಲ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲೇ ಕಟ್ಟಬೇಕು. ಎಪ್ಪತ್ತು ಯೂನಿಟ್ ಸುಡುವ ಮನೆಗೆ ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು ಸೇರಿತೆಂದರೆ ಮೀಟರ್ 220ಕ್ಕೆ ನಿಲ್ಲುತ್ತದೆ. ಸೊನ್ನೆ ಬಿಲ್ಲು ಅಲ್ಲಿಗೆ ಮುಗಿಯಿತು. ಆದರೂ ಪೆಟ್ರೋಲಿಗಿಂತ ಅಗ್ಗವೇ, ಆ ಮಾತು ಬೇರೆ.

ಬಿಸಿಲಿನ ಭಯ ಸುಳ್ಳಲ್ಲ. ಬ್ಯಾಟರಿಗೆ ದ್ರವದಿಂದ ತಂಪು ಮಾಡುವ ವ್ಯವಸ್ಥೆಯಿಲ್ಲದ ನಿಸ್ಸಾನ್ ಲೀಫ್ ಕಾರುಗಳು ಅಮೆರಿಕದ ಮರುಭೂಮಿ ನಗರ ಫೀನಿಕ್ಸ್‌ನಲ್ಲಿ ಬೇಗನೆ ಸವೆದು, 2012ರಲ್ಲಿ ದೊಡ್ಡ ತಕರಾರೇ ಎದ್ದಿತ್ತು. ನಮ್ಮಲ್ಲೂ ಮೇ ತಿಂಗಳು 43 ಡಿಗ್ರಿ ಮುಟ್ಟುತ್ತದೆ. ಕೊಳ್ಳುವಾಗ ಸನ್‌ರೂಫ್ ನೋಡುವ ಬದಲು ಕೂಲಿಂಗ್ ಯಾವ ಬಗೆಯದು ಎಂದು ಕೇಳುವುದು ಲೇಸು. 2001ರಲ್ಲಿ ಚೇತನ್ ಮೈನಿ ಬೆಂಗಳೂರಿನಲ್ಲಿ ರೇವಾ ಬಿಡುಗಡೆ ಮಾಡಿದಾಗ ಸೀಸದ ಬ್ಯಾಟರಿ, 80 ಕಿ.ಮೀ. ಓಟ. ಅದು ಕಲಬುರಗಿಗೆ ಹೋಗುತ್ತಿತ್ತು, ವಾಪಸು ಬರುತ್ತಿರಲಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದರೆ ಪೆಟ್ರೋಲ್ ಕಾರಿನವನು ಶಪಿಸುತ್ತಾನೆ. ಕರೆಂಟಿನ ಕಾರಿನವನಿಗೆ ಚಾರ್ಜ್ ಉಳಿಯುತ್ತದೆ. ಸದ್ದಿಲ್ಲದ ಕಾರಿಗೆ ಎಮ್ಮೆಗಳು ದಾರಿ ಬಿಡುವುದಿಲ್ಲ ಎಂಬುದು ಮಾತ್ರ ತೊಡಕು. ದೇವಲ ಗಾಣಗಾಪುರಕ್ಕೆ ಬರುವ ಭಕ್ತರು ಮಧ್ಯಾಹ್ನದ ಮಾಧುಕರಿ ಭಿಕ್ಷೆಗೆ ಕಾಯುತ್ತಾರೆ. ಕರೆಂಟಿನ ಕಾರು ತಂದವರಿಗೆ ಆ ಹೊತ್ತು ಚಾರ್ಜಿಂಗ್‌ಗೆ ಹೇಳಿ ಮಾಡಿಸಿದ್ದು. ಹಾಗಾಗಿ ಲಾಡ್ಜ್‌ನವರಿಗೆ ಕೇಳಬೇಕಾದ್ದು ಬಿಸಿನೀರಿನ ಸಂಗತಿಯಲ್ಲ, 15 ಆಂಪ್ ಪಾಯಿಂಟಿನದು.

ಹೈಬ್ರಿಡ್‌ಗೆ ಈ ರಗಳೆಯಿಲ್ಲ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್, ಹೈಕ್ರಾಸ್ ತಮ್ಮ ಬ್ಯಾಟರಿಯನ್ನು ಬ್ರೇಕ್ ಹಾಕಿದಾಗಲೂ ಎಂಜಿನ್ನಿನಿಂದಲೂ ತಾವೇ ತುಂಬಿಕೊಳ್ಳುತ್ತವೆ. ಆದರೆ ಅವುಗಳ ನಿಜವಾದ ಉಳಿತಾಯ ನಿಂತು ಹೊರಡುವ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ. ಸಿಗ್ನಲ್ಲೇ ಇಲ್ಲದ ನಮ್ಮ ನೆಟ್ಟನೆಯ ರಸ್ತೆಗೆ ಅಷ್ಟು ಹೆಚ್ಚಿನ ಹಣ ಸುರಿಯುವುದು ನನಗೇನೋ ಸರಿಕಾಣದು.

ಮಾಳಿಗೆ ಮೇಲೆ ಸೋಲಾರ್ ಹಾಕಿಸಿದರಾಯಿತು ಎನ್ನುವವರಿದ್ದಾರೆ. 2024ರ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ನಮ್ಮ ಬಿಸಿಲಿಗೆ ದಿನಕ್ಕೆ ಹನ್ನೆರಡು ಯೂನಿಟ್ ಹುಟ್ಟೀತು. ಮೇಷ್ಟ್ರ ಕಾರು ಹಗಲೆಲ್ಲ ಶಾಲೆಯ ಮುಂದಿರುತ್ತದೆ, ಕರೆಂಟು ಜೆಸ್ಕಾಂಗೆ ಹೋಗಿ ರಾತ್ರಿ ಲೆಕ್ಕದಲ್ಲಿ ವಾಪಸು ಬರುತ್ತದೆ. ಅಂಗಡಿ ಮನೆಯಲ್ಲೇ ಇರುವವರಿಗಾದರೆ ನೇರವಾಗಿ ಕಾರಿಗೇ ಇಳಿಯುತ್ತದೆ. ಆದರೆ ಲೈನ್ ಹೋಯಿತೆಂದರೆ, ಬ್ಯಾಟರಿಯಿಲ್ಲದ ಇಂಥ ಸೋಲಾರ್ ನಡುಮಧ್ಯಾಹ್ನದಲ್ಲೂ ತಾನೇ ಬಂದ್ ಆಗುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ.